ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಒಂದು ಕಥೆ ಕೆಟ್ಟುಹೋಯಿತೆಂದು ದೇಶದೇಶಗಳ ಜನ ಮರುಗುತ್ತಿದ್ದಾರೆ. ಆ ಕಥೆ ಅಚ್ಚಾದ ಪುಸ್ತಕದಲ್ಲಿಲ್ಲ, ರಂಗಸ್ಥಳದ ಮೇಲೂ ಇಲ್ಲ. ಕಂಪ್ಯೂಟರಿನಲ್ಲಿ ಆಡುವ ಆಟವೊಂದರಲ್ಲಿದೆ. ಕೆನಡಾ ದೇಶದ ಎಡ್ಮಂಟನ್ ನಗರದ ಬಯೋವೇರ್ ಎಂಬ ಸಂಸ್ಥೆ 2009ರಿಂದ 2024ರವರೆಗೆ ನಾಲ್ಕು ಭಾಗಗಳಲ್ಲಿ ಹೊರತಂದ ‘ಡ್ರ್ಯಾಗನ್ ಏಜ್’ ಆ ಆಟದ ಹೆಸರು. ಹದಿನೈದು ವರ್ಷ ಅದನ್ನು ನೆಚ್ಚಿಕೊಂಡು ಬಂದವರು ನಾಲ್ಕನೆಯ ಭಾಗವನ್ನು ಆಡಿ ಮುಗಿಸಿ, “ಇದು ನಮ್ಮ ಕಥೆಯಲ್ಲ, ಇದರ ಬರವಣಿಗೆಯಲ್ಲಿ ಜೀವವಿಲ್ಲ” ಎನ್ನುತ್ತಿದ್ದಾರೆ.

ಹುಡುಗರ ಆಟದ ಮಾತು ಈ ಅಂಕಣದಲ್ಲಿ ಏಕೆ ಎಂದು ನಮ್ಮ ಓದುಗರಲ್ಲಿ ಕೆಲವರು ಹುಬ್ಬೇರಿಸಬಹುದು. ಎರಡು ಕಾರಣಗಳಿವೆ. ಆಟವನ್ನು ಕಟ್ಟುವವರು ಸಂಬಳಕ್ಕೆ ದುಡಿಯುವ ಜನ. ಅದರ ಒಡೆತನ ಮಾತ್ರ ಬೇರೆಯವರದು. ಇದು ಮೊದಲನೆಯದು. ಈ ಆಟ ತನ್ನ ಒಳ್ಳೆಯ ದಿನಗಳಲ್ಲಿ ಹೇಳಿದ್ದು ಜಾತಿಯ ಕಥೆ, ಜೀತದ ಕಥೆ, ಕೇರಿಯ ಗೋಡೆಯ ಕಥೆ ಎಂಬುದು ಎರಡನೆಯದು. ಅದು ನಮಗೆ ಪರಕೀಯವಾದ ಕಥೆಯಲ್ಲ.

ಇಂಥ ಆಟದ ಬಗೆ ಹೀಗೆ: ಆಡುವವನು ಒಬ್ಬ ಪಾತ್ರಧಾರಿಯಾಗುತ್ತಾನೆ. ಎದುರಿಗೆ ಬಂದವರೊಡನೆ ಯಾವ ಮಾತು ಆಡಬೇಕು, ಯಾರ ಪಕ್ಷ ವಹಿಸಬೇಕು, ಯಾರನ್ನು ಕೈಬಿಡಬೇಕು ಎಂಬುದನ್ನು ಅವನೇ ಗೊತ್ತುಮಾಡಬೇಕು. ಅವನ ತೀರ್ಮಾನದ ಮೇಲೆ ಕಥೆಯ ದಾರಿ ತಿರುಗುತ್ತದೆ. ಆದ್ದರಿಂದ ಇಲ್ಲಿ ಬರವಣಿಗೆ ಊಟದ ಎಲೆಯ ಕೊನೆಯ ಉಪ್ಪಿನಕಾಯಿಯಲ್ಲ, ಅನ್ನವೇ ಅದು. ಕತ್ತಿವರಸೆ ಎಷ್ಟೇ ಚೆನ್ನಾಗಿದ್ದರೂ ಮಾತು ಸಪ್ಪೆಯಾದರೆ ಎಲೆ ಬರಿದು.

2009ರ ನವೆಂಬರಿನಲ್ಲಿ ಹೊರಬಂದ ಮೊದಲನೆಯ ಭಾಗದಲ್ಲಿ ಕಥಾನಾಯಕನಿಗೆ ಆರು ಬಗೆಯ ಹುಟ್ಟುಗಳಿದ್ದವು. ಅರಮನೆಯಲ್ಲಿ ಹುಟ್ಟಬಹುದಿತ್ತು, ನಗರದ ಗೋಡೆ ಕಟ್ಟಿದ ಕೇರಿಯೊಳಗೂ ಹುಟ್ಟಬಹುದಿತ್ತು. ಆ ಕೇರಿಯಲ್ಲಿ ಎಲ್ಫರೆಂಬ ನೀಳಕಿವಿಯ ಜನರಿದ್ದಾರೆ. ಮದುವೆಯ ದಿನವೇ ಪ್ರಭುವಿನ ಮಗ ಬಂದು ಮದುವಣಗಿತ್ತಿಯರನ್ನು ಎತ್ತಿಕೊಂಡು ಹೋಗುತ್ತಾನೆ. ಕಥೆ ಶುರುವಾಗುವುದೇ ಅಲ್ಲಿಂದ. ಇನ್ನೊಂದು ಹುಟ್ಟು ನೆಲದಡಿಯ ಕುಬ್ಜರ ರಾಜ್ಯದ್ದು. ಅಲ್ಲಿ ಯಾವ ಜಾತಿಗೂ ಸೇರದವರ ಮುಖಕ್ಕೆ ಮುದ್ರೆ ಹಾಕುತ್ತಾರೆ. ಅವರು ಆಯುಧ ಹಿಡಿಯಕೂಡದು, ಅವರ ಮಕ್ಕಳಿಗೂ ಅದೇ ಗತಿ. ಯಾವ ಹುಟ್ಟನ್ನು ಆರಿಸಿಕೊಂಡರೆ ಆ ಹುಟ್ಟಿನ ಅವಮಾನವೋ ಅಹಂಕಾರವೋ ಆಟದ ಕೊನೆಯವರೆಗೆ ಬೆನ್ನಟ್ಟಿ ಬರುತ್ತಿತ್ತು.

ಆ ಕುಬ್ಜರ ರಾಜ್ಯದ ಓರ್ಝಮಾರ್ ನಗರದಲ್ಲಿ ಸಿಂಹಾಸನ ಖಾಲಿಯಾಗಿದೆ. ಅದಕ್ಕೆ ಇಬ್ಬರು ಹಕ್ಕುದಾರರು. ಹ್ಯಾರೋಮಾಂಟ್ ಎಂಬಾತ ಮಾತಿಗೆ ತಪ್ಪದ ಮರ್ಯಾದಸ್ಥ. ಬೆಲೆನ್ ಎಂಬಾತ ಒಡಹುಟ್ಟಿದವರನ್ನೇ ತೊಡೆದುಹಾಕಿದ ಕಪಟಿ. ಯಾರನ್ನು ಪಟ್ಟಕ್ಕೆ ಏರಿಸಬೇಕು? ಸಭ್ಯ ಮನುಷ್ಯ ಹ್ಯಾರೋಮಾಂಟನ ಕಡೆ ನಿಲ್ಲುತ್ತಾನೆ. ಆಟ ಮುಗಿದ ಮೇಲೆ ತಿಳಿಯುತ್ತದೆ: ಆ ಮರ್ಯಾದಸ್ಥ ಹಳೆಯ ಜಾತಿಕಟ್ಟನ್ನು ಇನ್ನಷ್ಟು ಬಿಗಿಮಾಡಿದ, ಆ ಕಪಟಿ ರಾಜನಾಗಿದ್ದರೆ ಜಾತಿಯಿಲ್ಲದವರ ಕಟ್ಟು ಸಡಿಲವಾಗುತ್ತಿತ್ತು, ಆದರೆ ಹಿರಿಯರ ಸಭೆಯನ್ನು ಮುಚ್ಚಿ ಅವನೊಬ್ಬನೇ ಆಳುತ್ತಿದ್ದ. ವೈಯಕ್ತಿಕ ಸದ್ಗುಣ ಬೇರೆ, ವ್ಯವಸ್ಥೆಯ ನ್ಯಾಯ ಬೇರೆ ಎಂಬ ಪಾಠವನ್ನು ಯಾವ ಭಾಷಣವೂ ಇಲ್ಲದೆ ಆ ಆಟ ಕಲಿಸಿತು. ನಮ್ಮ ಎಷ್ಟೋ ಸಭೆಗಳಲ್ಲಿ ಗಂಟೆಗಟ್ಟಲೆ ಮಾತಾಡಿದರೂ ಇಷ್ಟು ಚೊಕ್ಕವಾಗಿ ಅದನ್ನು ಹೇಳಲಾಗಿಲ್ಲವೆಂದು ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ.

ಎರಡನೆಯ ಭಾಗ ಬಂದದ್ದು 2011ರ ಮಾರ್ಚಿನಲ್ಲಿ, ಹದಿನಾರೇ ತಿಂಗಳ ಅಂತರದಲ್ಲಿ. ಅದೇ ಗುಹೆ, ಅದೇ ಓಣಿ ಮತ್ತೆ ಮತ್ತೆ ಬಂದು ಅವಸರದ ಅಡುಗೆಯ ಹಸಿವಾಸನೆ ಬಡಿಯುತ್ತಿತ್ತು. ಆದರೂ ಒಂದೇ ನಗರದ ಹತ್ತು ವರ್ಷಗಳ ಕುದಿತವನ್ನು ಕಾಣಿಸಿದ ಆ ಕಥೆಯಲ್ಲಿ ಪ್ರಾಮಾಣಿಕತೆಯಿತ್ತು. 2014ರ ಮೂರನೆಯ ಭಾಗದಲ್ಲಿ ಬಯಲು ಹೆಚ್ಚು, ಕಥೆ ಕಡಿಮೆ ಎಂಬ ದೂರು ಕೇಳಿಬಂದರೂ ಪಾತ್ರಗಳು ಪಾತ್ರಗಳಾಗಿಯೇ ಇದ್ದವು. ಜೀತದ ಸಾಮ್ರಾಜ್ಯವಾದ ಟೆವಿಂಟರಿನಿಂದ ಬಂದ ಡೋರಿಯನ್ ಎಂಬ ಒಳ್ಳೆಯ ಗೆಳೆಯನೊಬ್ಬ ಅದರಲ್ಲಿದ್ದಾನೆ. ಜೀತದ ಮಾತು ಬಂದಾಗ ಅವನು ತನಗರಿವಿಲ್ಲದೆಯೇ ಅದನ್ನು ಸಮರ್ಥಿಸಿಬಿಡುತ್ತಾನೆ. ಒಳ್ಳೆಯವನ ಬಾಯಲ್ಲಿ ಧಣಿಯ ಮಾತು! ಬರವಣಿಗೆ ಎಂದರೆ ಇದು. 2015ರಲ್ಲಿ ಬಂದ ಅದರ ಅನುಬಂಧದ ಕೊನೆಯಲ್ಲಿ, ಹಿಂದೊಮ್ಮೆ ಜೀತದಾಳುಗಳನ್ನು ಬಿಡಿಸಿದ ಸೋಲಾಸ್ ಎಂಬ ಪುರಾತನನು ಲೋಕದ ಕಟ್ಟನ್ನೇ ಹರಿಯಲು ಹೊರಡುತ್ತಾನೆ. ಊರೂರಿನ ಎಲ್ಫ್ ಜನ ಸದ್ದಿಲ್ಲದೆ ಅವನ ಕಡೆ ಸೇರತೊಡಗುತ್ತಾರೆ. ಅವನು ಮಾಡುವುದು ಸರಿಯೇ ತಪ್ಪೇ? ಈ ಪ್ರಶ್ನೆಯನ್ನು ಮಡಿಲಲ್ಲಿಟ್ಟುಕೊಂಡು ಆಟಗಾರರು ಒಂಬತ್ತು ವರ್ಷ ಕಾದರು.

2024ರ ಅಕ್ಟೋಬರ್ 31ರಂದು ನಾಲ್ಕನೆಯ ಭಾಗ ‘ದಿ ವೇಲ್‌ಗಾರ್ಡ್’ ಬಂತು. ಸೋಲಾಸನ ಹಿಂದೆ ಹೋದ ಆ ದಂಡು ಎಲ್ಲಿ? ಕಾಣುವುದಿಲ್ಲ. ಕಥೆ ನಡೆಯುವುದೇ ಟೆವಿಂಟರಿನ ಕಡೆಯಲ್ಲಿ. ಆದರೆ ಜೀತ ಹೆಸರಿಗೆ ಮಾತ್ರ ಉಂಟು, ಜೀತದಾಳಿನ ಮುಖ ಅಪರೂಪ. ಮೊದಲ ಭಾಗದಲ್ಲಿ ಆಂಟಿವಾ ದೇಶದ ‘ಕಾಗೆ’ಗಳೆಂಬ ಕೊಲೆಗಡುಕರ ಕೂಟ ಮಕ್ಕಳನ್ನು ಕೊಂಡು ತಂದು ಹಿಂಸಿಸಿ ಕೊಲೆಗಾರರನ್ನಾಗಿ ಬೆಳೆಸುತ್ತಿತ್ತು. ನಾಲ್ಕನೆಯದರಲ್ಲಿ ಅದೇ ಕೂಟ ಊರು ಕಾಯುವ ಅಕ್ಕರೆಯ ಕುಟುಂಬ! ಆಟಗಾರರು ಮೂರು ಭಾಗಗಳಲ್ಲಿ ಕೈಗೊಂಡ ನಿರ್ಧಾರಗಳು ನೂರಾರು; ಅವನ್ನು ಬರೆದಿಡಲೆಂದು ಕಂಪನಿಯೇ 2014ರಲ್ಲಿ ಒಂದು ದಫ್ತರ ತೆರೆದಿತ್ತು. ಹೊಸ ಆಟ ಅವುಗಳಲ್ಲಿ ಲೆಕ್ಕಕ್ಕೆ ಹಿಡಿದದ್ದು ಮೂರನ್ನು. ಓರ್ಝಮಾರಿನಲ್ಲಿ ಯಾರು ರಾಜನಾದರೆಂದು ಕೇಳುವವರೇ ಇಲ್ಲ. ಮೇಲಾಗಿ, ಹಿಂದಿನ ಆಟಗಳಲ್ಲಿ ಜೀವ ತೇದು ಉಳಿಸಿದ ದಕ್ಷಿಣದ ನಾಡುಗಳು ಪಿಡುಗಿಗೆ ತುತ್ತಾದವೆಂದು ಕೆಲವು ಓಲೆಗಳಲ್ಲಿ ಹೇಳಿ ಮುಗಿಸಿದ್ದಾರೆ.

ಸಂಗಾತಿಗಳು ಒಬ್ಬರಿಗೊಬ್ಬರು ನೋಯುವ ಮಾತಾಡುವುದು ಕಡಿಮೆ. ಕಣ್ಣೆದುರು ನಡೆದದ್ದನ್ನೇ ಮತ್ತೆ ಬಾಯಿಬಿಟ್ಟು ವಿವರಿಸುತ್ತಾರೆ. ಕಥಾನಾಯಕ ಏನೇ ಆರಿಸಿಕೊಂಡರೂ ಒಳ್ಳೆಯವನೇ. ತಪ್ಪು ಮಾಡಲು ಬಿಡದ ಆಟದಲ್ಲಿ ಸರಿ ಮಾಡಿದ್ದಕ್ಕೆ ಬೆಲೆ ಎಲ್ಲಿಯದು?

ನ್ಯಾಯವಾಗಿ ಹೇಳಬೇಕಾದ ಮಾತೂ ಉಂಟು. ನಾಲ್ಕನೆಯ ಭಾಗದ ಕಾದಾಟ ಚೆನ್ನಾಗಿದೆ, ನೋಟ ಸೊಗಸಾಗಿದೆ, ಕೊನೆಯ ಅಂಕ ಮೈನವಿರೇಳಿಸುತ್ತದೆ ಎಂದವರು ಬಹಳ. ದೂರುವವರೆಲ್ಲ ಪ್ರಾಮಾಣಿಕರೂ ಅಲ್ಲ. ಗಂಡು-ಹೆಣ್ಣೆಂಬ ಎರಡು ಪಂಕ್ತಿಗೂ ಸೇರದ ಪಾತ್ರವೊಂದು ಇದರಲ್ಲಿದೆಯೆಂದು ಆಟ ಬರುವ ಮುಂಚೆಯೇ ಕಿರುಚಾಡಿದವರುಂಟು. ಇಂಥವರಿಗೆ ಒಂದೇ ಉತ್ತರ: 2014ರ ಭಾಗದಲ್ಲಿ ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವ ಸೈನಿಕನಿದ್ದ, ಗಂಡನ್ನೇ ಒಲಿಯುವ ಡೋರಿಯನ್ನೂ ಇದ್ದ. ಅವರನ್ನು ಜನ ಪ್ರೀತಿಸಿದರು, ಏಕೆಂದರೆ ಅವರನ್ನು ಚೆನ್ನಾಗಿ ಬರೆದಿದ್ದರು. ಕೊರತೆ ಪಾತ್ರ ಯಾರೆಂಬುದರಲ್ಲಿಲ್ಲ, ಬರೆದ ಬಗೆಯಲ್ಲಿದೆ. ಇನ್ನು 2012ರಲ್ಲಿ ಅದೇ ಸಂಸ್ಥೆಯ ಲೇಖಕಿಯೊಬ್ಬಳ ಮೇಲೆ ಬೈಗುಳ, ಬೆದರಿಕೆಗಳ ಮಳೆ ಸುರಿಸಿದ ‘ಅಭಿಮಾನಿ’ಗಳನ್ನು ಅಭಿಮಾನಿಗಳೆನ್ನಲು ನಾವು ಸಿದ್ಧರಿಲ್ಲ.

ಹಾಗಾದರೆ ಬರವಣಿಗೆ ಕೆಟ್ಟದ್ದೇಕೆ? ಬರೆಯುವವರ ಬುದ್ಧಿ ಬತ್ತಿತೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಇತಿಹಾಸ ಬೇರೆಯೇ ಮಾತು ಹೇಳುತ್ತದೆ. ಬಯೋವೇರ್ 1995ರಲ್ಲಿ ಕೆಲವು ವೈದ್ಯರು ಕಟ್ಟಿದ ಸಂಸ್ಥೆ. 2007ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ಅದನ್ನು ಕೊಳ್ಳಲು ಕರಾರು ಮಾಡಿಕೊಂಡಿತು. ಕಾಲ್ಚೆಂಡಿನ ಆಟಗಳಲ್ಲಿ ಆ ಕಂಪನಿ ಹೊಸ ಬಗೆಯ ಲಾಭದ ರುಚಿ ಕಂಡಿತ್ತು: ಆಟವನ್ನು ಒಮ್ಮೆ ಮಾರಿ ಬಿಡುವುದಲ್ಲ, ಅಂಗಡಿಯಂತೆ ಸದಾ ತೆರೆದಿಟ್ಟು ಆಡುವವನ ಜೇಬಿನಿಂದ ಚಿಲ್ಲರೆ ಚಿಲ್ಲರೆಯಾಗಿ ಹಣ ಕೀಳುವುದು. ನಾಲ್ಕನೆಯ ಭಾಗದ ಕೆಲಸ ಕಥೆಯಾಗಿಯೇ ಶುರುವಾಗಿತ್ತು. 2017ರಲ್ಲಿ ಅದನ್ನು ಮುರಿದು, ಹಲವರು ಕೂಡಿ ಆಡುವ ಆ ಅಂಗಡಿಯ ಅಚ್ಚಿಗೆ ಎರಕ ಹೊಯ್ದರು. ಅದೇ ಅಚ್ಚಿನ ‘ಆಂಥಮ್’ ಎಂಬ ಇನ್ನೊಂದು ಆಟ 2019ರಲ್ಲಿ ನೆಲಕಚ್ಚಿತು. 2021ರಲ್ಲಿ ಮತ್ತೆ ಹೊರಳಿ, ಒಬ್ಬನೇ ಆಡುವ ಕಥೆಯೇ ಆಗಲಿ ಎಂದರು. ಎರಡು ಬಾರಿ ಅಡಿಪಾಯ ಕಿತ್ತ ಮನೆಯ ಗೋಡೆ ಡೊಂಕಾದರೆ ಸುಣ್ಣ ಬಳಿದವನನ್ನು ಬೈಯುವುದೇ?

ಮೊದಲ ಮೂರು ಭಾಗಗಳ ಪ್ರಧಾನ ಲೇಖಕರಾಗಿದ್ದ ಡೇವಿಡ್ ಗೇಡರ್ 2016ರಲ್ಲಿ ಸಂಸ್ಥೆ ಬಿಟ್ಟರು. ಲೇಖಕರಿಂದ ಹೆಸರು ಪಡೆದ ಸಂಸ್ಥೆಯೇ ಕ್ರಮೇಣ ಲೇಖಕರನ್ನು ಒಳಗೊಳಗೇ ಸಹಿಸದಾಯಿತು, ಬರವಣಿಗೆಯನ್ನು ದುಬಾರಿ ಹೊರೆಯೆಂದು ಎಣಿಸತೊಡಗಿತು ಎಂದು 2023ರಲ್ಲಿ ಅವರು ಬಹಿರಂಗವಾಗಿ ಹೇಳಿದರು. ಅದೇ ವರ್ಷದ ಆಗಸ್ಟಿನಲ್ಲಿ ಸುಮಾರು 50 ಮಂದಿಯನ್ನು ಮನೆಗೆ ಕಳುಹಿಸಿದರು. ಮೊದಲ ಆಟದಿಂದಲೂ ಬರೆಯುತ್ತಿದ್ದ ಮೇರಿ ಕರ್ಬಿ ಅವರಲ್ಲೊಬ್ಬರು. ಆಟ ಇನ್ನೂ ಮುಗಿದಿರಲಿಲ್ಲ! ವಜಾ ಆದವರಲ್ಲಿ ಏಳು ಮಂದಿ ಪರಿಹಾರದ ಹಣಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಗುತ್ತಿಗೆ ಕಂಪನಿಯೊಂದರ ಮೂಲಕ ಇದೇ ಆಟದ ತಪ್ಪು ಹುಡುಕುವ ಕೆಲಸ ಮಾಡುತ್ತಿದ್ದ ಎಡ್ಮಂಟನ್ನಿನ ಪರೀಕ್ಷಕರು 2022ರಲ್ಲಿ ಸಂಘ ಕಟ್ಟಿದರು. ಮರುವರ್ಷ ಬಯೋವೇರಿನ ಗುತ್ತಿಗೆ ನಿಂತಿತು. 13 ಮಂದಿಯ ಕೆಲಸ ಹೋಯಿತು. ಅವರು ಬಯೋವೇರ್ ಕಚೇರಿಯ ಮುಂದೆ ಫಲಕ ಹಿಡಿದು ನಿಂತರು.

2025ರ ಜನವರಿಯಲ್ಲಿ ಕಂಪನಿ ಲೆಕ್ಕ ಒಪ್ಪಿಸಿತು: ಆಟವನ್ನು ಮುಟ್ಟಿದವರು ಸುಮಾರು 15 ಲಕ್ಷ, ನಿರೀಕ್ಷೆಗಿಂತ ಹೆಚ್ಚುಕಡಿಮೆ ಅರ್ಧ ಕಡಿಮೆ. ಅದೇ ತಿಂಗಳ ಕೊನೆಗೆ ಮತ್ತೆ ಕತ್ತರಿ. ಪ್ರಧಾನ ಲೇಖಕ ಟ್ರಿಕ್ ವೀಕ್ಸ್ ಅವರೂ ಹೊರಬಿದ್ದರು. ಸಂಸ್ಥೆಯಲ್ಲಿ ಉಳಿದವರು ನೂರಕ್ಕೂ ಕಡಿಮೆ ಎಂದು ವರದಿಯಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ. ಅಚ್ಚು ಬದಲಿಸಿದವರು ಮೇಲಿನವರು. ಬೀದಿಗೆ ಬಿದ್ದವರು ಬರೆದವರು.

ಕಂಪನಿಯ ಮುಖ್ಯಾಧಿಕಾರಿ ಆಂಡ್ರ್ಯೂ ವಿಲ್ಸನ್ ಫೆಬ್ರವರಿಯಲ್ಲಿ ಹೂಡಿಕೆದಾರರಿಗೆ ಕೊಟ್ಟ ವಿವರಣೆ ಇನ್ನೂ ಸ್ವಾರಸ್ಯದ್ದು. ಒಳ್ಳೆಯ ಕಥೆಯ ಜೊತೆಗೆ ಹಲವರು ಕೂಡಿ ಆಡುವ ಸೌಲಭ್ಯವನ್ನೂ ಆಟಗಾರರು ಈಗ ಬಯಸುತ್ತಾರೆ, ಈ ಆಟ ಸಾಕಷ್ಟು ಜನರನ್ನು ಮುಟ್ಟಲಿಲ್ಲ ಎಂಬುದು ಅದರ ತಾತ್ಪರ್ಯ. ಅಂದರೆ ಅಂಗಡಿಯ ಅಚ್ಚನ್ನು ಬಿಟ್ಟದ್ದೇ ತಪ್ಪಾಯಿತೆಂಬ ಸೂಚನೆ! ಕುಣಿಯಲಾರದವಳು ನೆಲ ಡೊಂಕೆಂದಳಂತೆ. 2023ರ ಆಗಸ್ಟಿನಲ್ಲಿ ಬೆಲ್ಜಿಯಮ್ಮಿನ ಲಾರಿಯನ್ ಸಂಸ್ಥೆ ‘ಬಾಲ್ಡರ್ಸ್ ಗೇಟ್’ನ ಮೂರನೆಯ ಭಾಗ ತಂದಿತ್ತು. ಅದೂ ಮಾತು, ಆಯ್ಕೆ, ಪರಿಣಾಮಗಳ ಮೇಲೆಯೇ ನಿಂತ ಆಟ. ನಾಲ್ಕು ಜನ ಕೂಡಿ ಆಡಲೂಬಹುದು. ಆದರೆ ಒಳಗೆ ಚಿಲ್ಲರೆ ಅಂಗಡಿಯಿಲ್ಲ. ಸುಮಾರು ಮೂರು ವರ್ಷ ಮೊದಲೇ ಅರೆಬೆಂದ ರೂಪವನ್ನು ಆಟಗಾರರ ಮುಂದಿಟ್ಟು, ಅವರ ಮಾತು ಕೇಳಿ ತಿದ್ದಿದರು. ಜಗತ್ತೇ ಅದನ್ನು ಕೊಂಡಾಡಿತು. ಆ ಸರಣಿಯ ಮೊದಲ ಆಟವನ್ನು 1998ರಲ್ಲಿ ಕಟ್ಟಿದವರು ಯಾರು? ಇದೇ ಬಯೋವೇರ್! ಜನಕ್ಕೆ ಕಥೆ ಬೇಡವಾಗಿಲ್ಲ. ಕಥೆಗೆ ಬೇಕಾದ ಕಾಲಾವಕಾಶ ಧಣಿಗಳಿಗೆ ಬೇಡವಾಗಿದೆ.

ಲೇಖಕರದು ಎಳ್ಳಷ್ಟೂ ತಪ್ಪಿಲ್ಲವೆಂದು ನಾವು ವಾದಿಸುವುದಿಲ್ಲ. ಯಾರ ಮನಸ್ಸೂ ನೋಯದಿರಲೆಂಬ ಅತಿ ಎಚ್ಚರ ಆ ಬರವಣಿಗೆಯಲ್ಲಿದೆ. ಅನ್ಯಾಯವನ್ನು ತೋರಿಸದೆ ನ್ಯಾಯದ ಮಾತಾಡುವ ಸಾಹಿತ್ಯ ಹಾಲಿಲ್ಲದ ಕೊಡವನ್ನು ಹೊತ್ತು ಊರು ಸುತ್ತಿದಂತೆ. ಜೀತದ ನಾಡಿನ ಕಥೆ ಬರೆಯುವವನು ಜೀತದಾಳಿನ ಬೆನ್ನನ್ನು ತೋರಿಸಲೇಬೇಕು. ಆದರೆ ನಾಳೆ ಕೆಲಸ ಇರುವುದೋ ಇಲ್ಲವೋ ಎಂದು ಅಳುಕುವ ಕೈ ದಿಟ್ಟತನದಿಂದ ಬರೆಯಲಿ ಎಂದು ಬಯಸುವುದೂ ನ್ಯಾಯವಲ್ಲ.

2025ರಲ್ಲಿ ಒಡೆತನವೇ ಕೈಬದಲಾಯಿಸುವ ಮಾತು ಬಂತು. ಸೌದಿ ಅರೇಬಿಯದ ಸರ್ಕಾರಿ ನಿಧಿಯೂ ಅಮೆರಿಕದ ಎರಡು ಹೂಡಿಕೆ ಸಂಸ್ಥೆಗಳೂ ಸೇರಿ ಎಲೆಕ್ಟ್ರಾನಿಕ್ ಆರ್ಟ್ಸನ್ನು 5,500 ಕೋಟಿ ಡಾಲರಿಗೆ ಕೊಳ್ಳುವ ಒಪ್ಪಂದ 2025ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಅದರಲ್ಲಿ 2,000 ಕೋಟಿ ಸಾಲದ ಹಣ. ಆ ಸಾಲದ ಬಡ್ಡಿ ಯಾರ ಬೆವರಿನಿಂದ ಬರಬೇಕೆಂದು ನಮ್ಮ ಓದುಗರಿಗೆ ವಿವರಿಸಬೇಕಿಲ್ಲ.

ಆಟಗಾರರ ಬೇಸರ ಸಾಧುವಾದದ್ದು. ಹದಿನೈದು ವರ್ಷ ಒಂದು ಕಥೆಯನ್ನು ಎದೆಯಲ್ಲಿಟ್ಟುಕೊಂಡವರಿಗೆ ಅದು ಕೆಟ್ಟಾಗ ಕೇಳುವ ಹಕ್ಕಿದೆ. ಆದರೆ ಆ ಪ್ರಶ್ನೆ ಸರಿಯಾದ ಬಾಗಿಲನ್ನು ತಟ್ಟಬೇಕು. ಬರೆದವರ ಮನೆಯ ಮುಂದೆ ಕೂಗುವುದನ್ನು ಬಿಟ್ಟು, ಬರೆಯುವವರಿಗೆ ಕೊಟ್ಟ ಕಾಲವೆಷ್ಟು, ಅಚ್ಚು ಬದಲಿಸಿದವರಾರು, ಹಳಬರನ್ನು ಹೊರಗಟ್ಟಿದವರಾರು ಎಂದು ಕಂಪನಿಯ ಬಾಗಿಲಲ್ಲಿ ಕೇಳಲಿ. ಕಚೇರಿಯ ಮುಂದೆ ಫಲಕ ಹಿಡಿದು ನಿಂತ ಆ ಪರೀಕ್ಷಕರಂಥವರ ಪಕ್ಕದಲ್ಲಿ ನಿಲ್ಲಲಿ. ಲೇಖಕರೂ ಅವರಂತೆಯೇ ಸಂಘ ಕಟ್ಟಲಿ. ಓರ್ಝಮಾರಿನ ಜಾತಿಯಿಲ್ಲದವರ ಕಥೆಯಿಂದ ಇವರೆಲ್ಲ ಕಲಿತದ್ದು ನಿಜವಾದರೆ, ಅದನ್ನು ಆಟದ ಹೊರಗೆ ಬಳಸುವ ಹೊತ್ತು ಇದು.