ಗೋಡೆಗೆ ಹೊದಿಕೆ

ಅಮೆರಿಕದಲ್ಲಿ ಮನೆ ಕೊಂಡ ನಮ್ಮ ಮಕ್ಕಳು ಮೊದಲು ಕೈಹಾಕುವುದು ಬೇಸ್‌ಮೆಂಟಿಗೆ. ಊರಿನಿಂದ ಬರುವ ಅಪ್ಪ ಅಮ್ಮನಿಗೆ ಒಂದು ಕೋಣೆ ಬೇಕಲ್ಲ! ಮಿಷಿಗನ್ನಿನಲ್ಲಿರುವ ನನ್ನ ಮಗನೂ ಅದಕ್ಕೇ ಹೊರಟಿದ್ದಾನೆ. ಕಾಂಕ್ರೀಟ್ ಗೋಡೆಯ ಮುಂದೆ ಮರದ ಚೌಕಟ್ಟು, ಅದರೊಳಗೆ ಗಾಜಿನ ನಾರಿನ ಹಾಸು, ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಜಿಪ್ಸಮ್ ಹಲಗೆ. ಚಳಿಯೂ ಬರುವುದಿಲ್ಲ, ನೋಡಲೂ ಚೆಂದ ಎನ್ನುತ್ತಾನೆ ಕಂಟ್ರಾಕ್ಟರ್. ನನ್ನ ತಕರಾರು ಇರುವುದೇ ಆ ಚೆಂದದ ಮೇಲೆ.

ನೆಲದಡಿಯ ಗೋಡೆ ಮಣ್ಣಿನ ತಂಪನ್ನೂ ಪಸೆಯನ್ನೂ ಹೀರಿಕೊಂಡೇ ನಿಂತಿರುತ್ತದೆ. ಮನೆಯೊಳಗಿನ ಬೆಚ್ಚನೆಯ ಗಾಳಿಯಲ್ಲಿ ನೀರಾವಿ ಬೇರೆ. ನಮ್ಮವರ ಮನೆಯಲ್ಲಂತೂ ಅನ್ನ, ಸಾರು, ಇಡ್ಲಿಯ ಹಬೆ ಇನ್ನೊಂದಿಷ್ಟು ಜಾಸ್ತಿ. ಗಾಜಿನ ನಾರು ಗಾಳಿಯನ್ನು ತಡೆಯುವುದಿಲ್ಲ. ಸಂದಿಯಲ್ಲಿ ನುಸುಳಿದ ಗಾಳಿ ತಣ್ಣನೆಯ ಕಾಂಕ್ರೀಟಿಗೆ ತಾಗಿದರೆ, ಐಸ್ ಹಾಕಿದ ಲೋಟದ ಹೊರಮೈಯಂತೆ ಗೋಡೆ ಬೆವರುತ್ತದೆ. ಅದು ಆರಿಹೋಗಲು ಪ್ಲಾಸ್ಟಿಕ್ ಬಿಡುವುದಿಲ್ಲ. ಎದುರಿಗೆ ಬಿಳಿ ಬಣ್ಣ, ಹಿಂದೆ ಕಪ್ಪು ಬೂಷ್ಟು. ಆ ಕೋಣೆಯಲ್ಲಿ ಮಲಗಿ ಕೆಮ್ಮುವವರು ಯಾರು ಸ್ವಾಮಿ? ದಮ್ಮಿನ ಅಪ್ಪ, ಆಡಲು ಇಳಿದ ಮೊಮ್ಮಗು. ‘ಹವಾ ಬದಲಾವಣೆ, ಸರಿಹೋಗುತ್ತೆ’ ಎಂಬ ಸಮಾಧಾನ ಬೇರೆ!

ನಮ್ಮ ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಸೋಗೆಯ ತಟ್ಟಿ ಕಟ್ಟುತ್ತಿದ್ದುದು ಮಣ್ಣಿನ ಗೋಡೆಯ ಹೊರಗೆ. ಒಳಗೆ ಕಟ್ಟಿದ ದಡ್ಡರನ್ನು ನಾನು ಕಂಡಿಲ್ಲ. ಅಮೆರಿಕದವರಿಗೂ ಇದು ತಿಳಿಯದ್ದೇನಲ್ಲ. ಮನೆಯ ಸುತ್ತಲ ನೆಲ ಮೊದಲ 10 ಅಡಿಯಲ್ಲಿ 6 ಅಂಗುಲ ಹೊರಮುಖವಾಗಿ ಇಳಿಯಬೇಕೆಂದು ಅವರ ಕಟ್ಟಡ ನಿಯಮವೇ ಹೇಳುತ್ತದೆ. ಮಗನ ಮನೆಯಲ್ಲೋ, ಸೂರಿನ ನೀರೆಲ್ಲ ಕೊಳವೆಯಲ್ಲಿಳಿದು ಪಾಯದ ಬುಡಕ್ಕೇ ಬೀಳುತ್ತದೆ. ಆ ಕೊಳವೆಯನ್ನು ನಾಲ್ಕಾರು ಅಡಿ ಮುಂದಕ್ಕೆ ಒಯ್ಯಲು ಎಷ್ಟು ಡಾಲರ್ ಬೇಕು?

ಗೋಡೆಗೆ ಒಂದು ತುಂಡು ಪ್ಲಾಸ್ಟಿಕ್ ಇಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಎರಡು ಮೂರು ದಿನ ಬಿಡಿ. ಗೋಡೆಯ ಕಡೆ ಹನಿಗಟ್ಟಿದರೆ ಪಸೆ ಬರುತ್ತಿರುವುದು ಗೋಡೆಯಿಂದ. ಕೋಣೆಯ ಕಡೆಯಾದರೆ ಮನೆಯೊಳಗಿನ ಆವಿ. ಏಳನೇ ಕ್ಲಾಸಿನ ಮಕ್ಕಳಿಂದ ಮಾಡಿಸಬಹುದಾದ ಪ್ರಯೋಗ. ಇದನ್ನು ಮಾಡದೆ ಸಾವಿರಾರು ಡಾಲರಿನ ಹೊದಿಕೆ ಹಾಕುವುದು ಯಾವ ಜಾಣತನ? ಹೊರಗಿನ ನೀರು ನಿಂತ ಮೇಲೆ ಫೋಮ್ ಹಲಗೆಯನ್ನು ಕಾಂಕ್ರೀಟಿಗೇ ಅಂಟಿಸಿ, ಸಂದಿಗಳನ್ನು ಮುಚ್ಚಲಿ. ಫೋಮಿಗೆ ಬೆಂಕಿಯ ಭಯ. ಮೇಲೆ ಜಿಪ್ಸಮ್ ಇರಲೇಬೇಕು.

ತಡವಾಗುತ್ತದಂತೆ. ಆಗಲಿ. ಹಿಮ ಕರಗಿ, ವಸಂತದ ಮಳೆ ಹೊಯ್ದು, ಆಮೇಲೂ ಗೋಡೆ ಒಣಗಿದ್ದರೆ ಕೆಲಸ ಶುರುಮಾಡು ಎಂದು ಮಗನಿಗೆ ಹೇಳಿದ್ದೇನೆ. ಅಲ್ಲಿಯವರೆಗೆ ನಾನು ಹೋದರೆ ಮೇಲೆ ಹಾಲಿನಲ್ಲೇ ಹಾಸಿಗೆ ಬಿಡಿಸಿಕೊಳ್ಳುತ್ತೇನೆ.