ಕಾಡು ಉಳಿದರೆ ಸಾಲದು, ತುಂಡಾಗದೆ ಉಳಿಯಬೇಕು

ಅಘನಾಶಿನಿ ಕಣಿವೆಯ ಸಿಂಗಳೀಕ ಎಂಬ ಮಂಗ ನೆಲಕ್ಕಿಳಿಯುವುದು ಅಪರೂಪ. ಊಟ, ನಿದ್ದೆ, ಓಡಾಟ ಎಲ್ಲವೂ ಮರದ ಮೇಲೆಯೇ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದ ಬೇರಾವ ಕಾಡಿನಲ್ಲೂ ಇರದ ಈ ಪ್ರಾಣಿಗೆ ಶಿರಸಿ, ಸಿದ್ದಾಪುರ, ಹೊನ್ನಾವರದ ಕಾಡುಗಳೇ ಉತ್ತರ ತುದಿಯ ದೊಡ್ಡ ನೆಲೆ. ಹೆಣ್ಣು ಎರಡು ಮೂರು ವರ್ಷಕ್ಕೊಮ್ಮೆ ಒಂದೇ ಮರಿ ಹಾಕುವುದರಿಂದ ಕುಗ್ಗಿದ ಗುಂಪು ಬೇಗ ಚೇತರಿಸಿಕೊಳ್ಳುವುದಿಲ್ಲ. ರಸ್ತೆಗೋ ವಿದ್ಯುತ್ ತಂತಿಗೋ ಉದ್ದಕ್ಕೆ ಮರ ಕಡಿದರೆ ಕಡತದಲ್ಲಿ ಹೋಗುವುದು ಕೆಲವೇ ಎಕರೆ. ಆದರೆ ಕೊಂಬೆಯಿಂದ ಕೊಂಬೆಗೆ ಸಾಗುವ ಜೀವಕ್ಕೆ ಆಚೆ ಬದಿಯ ಕಾಡು ಇಲ್ಲವಾದಂತೆಯೇ. ನಮ್ಮ ನೀತಿ ಈ ನಷ್ಟವನ್ನು ಇಂದಿಗೂ ಎಕರೆಯಲ್ಲೇ ಅಳೆಯುತ್ತಿದೆ. ಕಡಿದಷ್ಟು ಬೇರೆಡೆ ನೆಡುತ್ತೇವೆ ಎಂಬ ಭರವಸೆಯೂ ಇಲ್ಲಿ ನಿಲ್ಲದು. ಸಿದ್ದಾಪುರದ ಕತ್ತಲೆಕಾನಿನ ರಾಂಪತ್ರೆ ಜಡ್ಡಿಯೆಂಬ ಜೌಗು ಕಾಡನ್ನು ಯಾವ ನರ್ಸರಿಯಲ್ಲಿ ಬೆಳೆಸಲಾದೀತು?

ಘೋಷಣೆಗಳಿಗೆ ಕೊರತೆಯಿಲ್ಲ. 2011ರಲ್ಲಿ ಅಘನಾಶಿನಿ ಮತ್ತು ಬೇಡ್ತಿ ಸಂರಕ್ಷಣಾ ಮೀಸಲು ಪ್ರದೇಶಗಳಾದವು. 2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯ ಸಿಂಗಳೀಕದ ಹೆಸರಿನಲ್ಲೇ ಸುಮಾರು 930 ಚದರ ಕಿಲೋಮೀಟರಿಗೆ ಹಿಗ್ಗಿತು. ಅದೇ ಅಭಯಾರಣ್ಯದಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ತರುವ ಪ್ರಸ್ತಾವವಿದೆ. ಯಲ್ಲಾಪುರದ ಕಾಡಿನ ಮೂಲಕ ಹುಬ್ಬಳ್ಳಿ–ಅಂಕೋಲಾ ರೈಲು ಹಾಯಬೇಕೆನ್ನುತ್ತಾರೆ. ಬೇಡ್ತಿ–ವರದಾ ನದಿ ಜೋಡಣೆಯ ಮಾತು ಮತ್ತೆ ಮತ್ತೆ ಏಳುತ್ತದೆ. ವಿದ್ಯುತ್ ಬೇಡವೇ, ರೈಲು ಬೇಡವೇ ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ನೀರೆತ್ತಿ ವಿದ್ಯುತ್ ಕೂಡಿಡುವ ಸ್ಥಾವರವನ್ನು ನದಿ ಕಣಿವೆಯ ಹೊರಗೂ ಕಟ್ಟಬಹುದು. ನಿತ್ಯಹರಿದ್ವರ್ಣದ ಕಾಡನ್ನು ಬೇರೆಡೆಗೆ ಸಾಗಿಸಲಾಗದು. ಒಂದೊಂದು ಯೋಜನೆಗೂ ಪ್ರತ್ಯೇಕವಾಗಿ ಅನುಮತಿ ಕೊಡುವ ಬದಲು, ಎಲ್ಲವೂ ಸೇರಿ ಕಾಡನ್ನು ಎಷ್ಟು ತುಂಡು ಮಾಡುತ್ತವೆ ಎಂದು ವನ್ಯಜೀವಿ ಮಂಡಳಿ ಮೊದಲು ನೋಡಬೇಕು.

ಕಾಡಿನ ಬಳಕೆಗೆ ಕಟ್ಟುಪಾಡು ಬಂದೀತೆಂಬ ಸ್ಥಳೀಯರ ಆತಂಕ ಬೇರೆ, ಅದನ್ನು ತಳ್ಳಿಹಾಕುವಂತಿಲ್ಲ. ಸಂರಕ್ಷಣಾ ಮೀಸಲು ಜನರ ಜತೆ ಸಮಾಲೋಚಿಸಿ ಮಾಡುವಂಥದ್ದು; ಅಭಯಾರಣ್ಯದ ಕಟ್ಟುಪಾಡು ಅದಕ್ಕಿಂತ ಬಿಗಿ. ಸೊಪ್ಪಿನ ಬೆಟ್ಟವಿಲ್ಲದೆ ಅಡಿಕೆ ತೋಟ ನಡೆಯುವುದಿಲ್ಲ, ಅಲ್ಲಿಂದ ಸೊಪ್ಪು ತರುವ ಹಕ್ಕನ್ನು ಸರ್ಕಾರ ಲಿಖಿತವಾಗಿ ಖಾತ್ರಿಪಡಿಸಬೇಕು. ಮಂಗಗಳಿಂದ ಬೆಳೆ ಹಾಳಾಗುತ್ತಿದೆ ಎಂಬ ದೂರೂ ನಿಜ. ಆದರೆ ತೋಟಕ್ಕೆ ನುಗ್ಗುವುದು ಹೆಚ್ಚಾಗಿ ಸಾಮಾನ್ಯ ಮಂಗ, ದಟ್ಟ ಕಾಡಿನ ಸಿಂಗಳೀಕವಲ್ಲ. ಜಾಗೃತಿಯ ಕೆಲಸ ಈ ವ್ಯತ್ಯಾಸ ತಿಳಿಸುವುದರಿಂದಲೇ ಶುರುವಾಗಲಿ. ಉಪ್ಪಾಗೆ ಹಣ್ಣಿನ ವಿಷಯದಲ್ಲಿ ಮಾತ್ರ ಕೊಯ್ಯುವ ನಮ್ಮದೂ ಹೊಣೆಯಿದೆ. ಅದು ಸಿಂಗಳೀಕದ ಮುಖ್ಯ ಆಹಾರಗಳಲ್ಲೊಂದು. ಇನ್ನೊಬ್ಬರು ಕೊಯ್ದಾರೆಂದು ಕಾಯಿದ್ದಾಗಲೇ ಕೊಯ್ಯುವುದು, ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ರಾಶಿ ಸೌದೆ ಉರಿಸುವುದು ಕಾಡಿಗೆ ಎರಡು ಪಟ್ಟು ಪೆಟ್ಟು. ಹಣ್ಣಾದ ಮೇಲೆ ಕೊಯ್ಲು, ಮರದಲ್ಲಿ ಒಂದು ಪಾಲು ಬಿಡುವುದು, ಸೌದೆ ಉಳಿಸುವ ಒಲೆಗೆ ಸಹಾಯಧನ: ಇವು ಆಗದ ಮಾತುಗಳಲ್ಲ.

ಸರ್ಕಾರದ ಲೆಕ್ಕವನ್ನು ಪ್ರಶ್ನಿಸುವುದು ಈ ನೆಲಕ್ಕೆ ಹೊಸತೇನೂ ಅಲ್ಲ. 1980ರ ದಶಕದ ಆರಂಭದಲ್ಲಿ ಶಿರಸಿಯ ತೋಟಿಗರು ತಜ್ಞರನ್ನು ಕರೆಸಿ ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭ–ನಷ್ಟ ತೂಗಿದರು, ಯೋಜನೆ ನಿಂತಿತು. 1983ರಲ್ಲಿ ಸಾಲ್ಕಣಿಯ ಜನ ಕಡಿತ ತಡೆಯಲು ಮರಗಳನ್ನು ಅಪ್ಪಿಕೊಂಡರು. ಇಂದು ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿವೆ. ಯಾವ ಜಾಗದಲ್ಲಿ ಮರದ ನೆತ್ತಿಗಳು ಇನ್ನೂ ಕೂಡಿಕೊಂಡಿವೆ, ಎಲ್ಲಿ ಕಡಿದುಹೋಗಿವೆ ಎಂದು ಆ ಸಮಿತಿಗಳು ಈ ವರ್ಷವೇ ದಾಖಲಿಸಲಿ. ಗ್ರಾಮಸಭೆಗಳು ಆ ದಾಖಲೆಯನ್ನು ಯೋಜನೆಗಳ ಅಹವಾಲು ಸಭೆಯಲ್ಲಿ ಮುಂದಿಡಲಿ.