ತೋಟಾ ತುಂಬುವ ಯಂತ್ರವೂ ನಮ್ಮ ಒಲೆಕಟ್ಟೆಯೂ

ಗೃಹಸ್ಥರು ಓದುವ ಈ ಪುಟದಲ್ಲಿ ಕೋವಿ ತೋಟಾಗಳ ಮಾತೇಕೆಂದು ವಾಚಕರು ಹುಬ್ಬೇರಿಸಬಹುದು. ಉಪ್ಪಿನಕಾಯಿಯ ಭರಣಿ, ಮಕ್ಕಳ ಅಕ್ಷರಾಭ್ಯಾಸ, ಮಳೆಗಾಲದ ಸೌದೆ ಇವುಗಳನ್ನು ಕುರಿತು ಬರೆಯುತ್ತ ಬಂದ ನಾವು ಈ ತಿಂಗಳು ಇಂಥ ವಿಷಯಕ್ಕೆ ಕೈಹಾಕಿದುದಕ್ಕೆ ಕಾರಣವುಂಟು. ಕಳೆದ ಆಷಾಢದ ಒಂದು ಸಂಜೆ ನಮ್ಮ ಜಗಲಿಗೆ ಬಂದ ಹಿರಿಯರೊಬ್ಬರು ಒಂದು ಪ್ರಶ್ನೆ ಕೇಳಿದರು. ಅದಕ್ಕೆ ನಾವು ಆಗ ಅರ್ಧ ಉತ್ತರವನ್ನಷ್ಟೇ ಕೊಟ್ಟೆವು. ಉಳಿದರ್ಧವನ್ನು ಇಲ್ಲಿ ಬರೆಯುತ್ತೇವೆ.

ಆ ಹಿರಿಯರು ಕ್ಯಾಸಲ್‌ರಾಕಿನ ಸಮೀಪದ ಹಳ್ಳಿಯೊಂದರ ರೈತರು. ಬೆಳೆಯ ರಕ್ಷಣೆಗೆಂದು ಪರವಾನಿಗೆ ಪಡೆದ ಒಂಟಿನಳಿಗೆಯ ತೋಟಾಕೋವಿಯೊಂದು ಅವರಲ್ಲಿದೆ. ಅವರ ಮಗನು ನಮ್ಮ ಶಿಷ್ಯನು; ಈಗ ಅಮೆರಿಕೆಯಲ್ಲಿ ಇಂಜಿನಿಯರನಾಗಿದ್ದಾನೆ. ಎರಡು ವರ್ಷಗಳ ಕೆಳಗೆ ನಾವು ಮಗಳ ಮನೆಗೆಂದು ಆ ದೇಶಕ್ಕೆ ಹೋದಾಗ ಅವನ ಮನೆಯಲ್ಲಿಯೂ ನಾಲ್ಕು ದಿನ ಇದ್ದು ಬಂದೆವು. ಅದನ್ನು ನೆನಪಿಟ್ಟುಕೊಂಡು ಹಿರಿಯರು ಹೇಳಿದರು: "ಮಾಸ್ತರ್ರೇ, ಅವ ಮನಿಯೊಳಗ ತಾನ ತೋಟಾ ತುಂಬ್ತಾನಂತ, ನೀವು ನೋಡೀರಿ. ನಿಮ್ಮ ಮಾತು ಅವ ಮೀರೂದಿಲ್ಲ. ಅಂಥಾದೊಂದು ಯಂತ್ರ ನನಗೂ ಕಳಸು ಅಂತ ಬರೀರಿ."

ಅವರ ಕಷ್ಟ ಸುಳ್ಳಲ್ಲ. ತೋಟಾಗಳ ಬೆಲೆ ಏರಿದೆ. ಅವನ್ನು ಕೊಳ್ಳಲು ಪೇಟೆಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಗದ್ದೆಯಲ್ಲಿ ಭತ್ತ ಹಾಲುಗಟ್ಟುವ ಹೊತ್ತಿಗೆ ಹಂದಿಗಳ ಹಿಂಡು ಬರುತ್ತದೆ, ಕಾಡುಕೋಣ ಬರುತ್ತದೆ. ಚುನಾವಣೆ ಬಂದಾಗ ಕೋವಿಯನ್ನು ಪೋಲೀಸು ಠಾಣೆಯಲ್ಲಿ ಒಪ್ಪಿಸಿ ಬರಿಗೈಯಲ್ಲಿ ಗದ್ದೆ ಕಾಯಬೇಕು. ನಾವು "ಕಾಯಿದೆ ಒಪ್ಪುವುದಿಲ್ಲ" ಎಂದೆವು. ಅವರು ಕೊಡೆ ಬಿಚ್ಚುತ್ತ, "ಕಾಯಿದೆ ಹಂದಿಗಿಲ್ಲ, ನಮಗಷ್ಟ ಐತೇನ್ರಿ?" ಎಂದು ಹೊರಟುಹೋದರು. ಆ ಮಾತು ನಮ್ಮ ಮನಸ್ಸಿನಲ್ಲಿ ಕುಳಿತಿತು.

ಮೊದಲು ಆ ಯಂತ್ರವೆಂಥದೆಂಬುದನ್ನು ಹೇಳುವೆವು. ಬಂದೂಕಿನ ತೋಟಾ ಒಂದು ವಸ್ತುವಲ್ಲ, ನಾಲ್ಕು ವಸ್ತುಗಳ ಕೂಟ: ಹಿತ್ತಾಳೆಯ ಚಿಪ್ಪು, ಅದರ ಬುಡದಲ್ಲಿ ಕೇಪು, ಹೊಟ್ಟೆಯಲ್ಲಿ ಮದ್ದು, ಬಾಯಲ್ಲಿ ಗುಂಡು. ಕುದುರೆ ಬಿದ್ದು ಕೇಪು ಸಿಡಿದರೆ ಮದ್ದು ಹೊತ್ತುತ್ತದೆ. ಮದ್ದಿನ ಹೊಗೆ ಗುಂಡನ್ನು ನೂಕುತ್ತದೆ. ಚಿಪ್ಪು ಮಾತ್ರ ಉಳಿಯುತ್ತದೆ. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವು ಕೂಡಿದ ಆ ಹಿತ್ತಾಳೆಯು ಒತ್ತಡಕ್ಕೆ ಹಿಗ್ಗಿ ನಳಿಗೆಯನ್ನು ಮುಚ್ಚಿ, ಮರಳಿ ಕುಗ್ಗುವ ಗುಣವುಳ್ಳದ್ದು. ಆದುದರಿಂದ ಅದನ್ನು ಹಲವು ಸಲ ತುಂಬಬಹುದು. ಬೆಲೆಯಲ್ಲಿಯೂ ಹೆಚ್ಚಿನ ಭಾಗ ಚಿಪ್ಪಿನದೇ ಆದ್ದರಿಂದ ಆ ದೇಶದ ಮಿತವ್ಯಯಿಗಳು ಅದನ್ನು ಎಸೆಯುವುದಿಲ್ಲ. ಜಾನ್ ಬಾರ್ಲೋ ಎಂಬವನು 1884ರಲ್ಲಿ ಸ್ಥಾಪಿಸಿದ ಐಡಿಯಲ್ ಕಂಪನಿಯು ಇಕ್ಕಳದಂತಹ ಕೈಸಾಧನಗಳನ್ನು ಮಾರತೊಡಗಿದಂದಿನಿಂದ ಇದು ಅಲ್ಲಿ ಮನೆಯ ಕಸುಬಾಗಿಯೇ ಬೆಳೆದಿದೆ.

ನಮ್ಮ ಶಿಷ್ಯನ ಬಳಿ ಇದ್ದುದು ಟರೆಟ್ ಪ್ರೆಸ್ಸು. ಅವನು 9 ಮಿಲಿಮೀಟರಿನ ಪಿಸ್ತೂಲಿನಿಂದ ಗುರಿಯಾಟ ಆಡುವವನು. ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ ದಪ್ಪ ಹಲಗೆಯ ಮೇಜನ್ನು ಗೋಡೆಗೆ ಕಚ್ಚಿಸಿ, ಅದರ ಮೇಲೆ ಯಂತ್ರವನ್ನು ಬೋಲ್ಟುಗಳಿಂದ ಬಿಗಿದಿದ್ದನು. ಮೇಜು ಅಲುಗಿದರೆ ಕೆಲಸ ಕೆಟ್ಟಿತೆಂದು ಅವನ ಮೊದಲ ಪಾಠ. ಯಂತ್ರದ ನೆತ್ತಿಯಲ್ಲಿ ತಿರುಗುವ ಬಿಲ್ಲೆಯೊಂದಿದೆ, ಅದೇ ಟರೆಟ್. ಅದರಲ್ಲಿ ನಾಲ್ಕು ಅಚ್ಚುಗಳನ್ನು ತಿರುಪಿ ಕೂರಿಸಿ, ಒಮ್ಮೆ ಸರಿಹೊಂದಿಸಿ, ಬಿಗಿದುಬಿಟ್ಟರೆ ಮತ್ತೆ ಬಿಚ್ಚಬೇಕಾಗಿಲ್ಲ. ಕೆಳಗಿನ ಹಿಡಿಯಲ್ಲಿ ಖಾಲಿ ಚಿಪ್ಪನ್ನಿಟ್ಟು ಸನ್ನೆಕೋಲು ಎಳೆದರೆ ಚಿಪ್ಪು ಮೇಲೇರಿ ಅಚ್ಚಿನೊಳಗೆ ಹೋಗುತ್ತದೆ. ಮೊದಲನೆಯ ಅಚ್ಚು ಹಳೆಯ ಕೇಪನ್ನು ಹೊರತಳ್ಳಿ ಹಿಗ್ಗಿದ ಚಿಪ್ಪನ್ನು ಅಳತೆಗೆ ತರುತ್ತದೆ. ಚಿಪ್ಪು ಕೆಳಗಿಳಿಯುವಾಗ ಹೊಸ ಕೇಪು ಕೂರುತ್ತದೆ. ಎರಡನೆಯದು ಬಾಯನ್ನು ತುಸು ಅರಳಿಸಿ ಮದ್ದು ಸುರಿಯುತ್ತದೆ. ಮೂರನೆಯದು ಗುಂಡನ್ನು ಕೂರಿಸುತ್ತದೆ. ನಾಲ್ಕನೆಯದು ಬಾಯನ್ನು ಬಿಗಿಯುತ್ತದೆ. ಒಂದೊಂದು ಎಳೆತಕ್ಕೂ ಬಿಲ್ಲೆ ಒಂದು ಮನೆ ತಿರುಗುತ್ತದೆ. ನಾಲ್ಕು ಎಳೆತಕ್ಕೆ ಒಂದು ತೋಟಾ.

ಒಂದೇ ಅಚ್ಚು ಹಿಡಿಯುವ ಯಂತ್ರಗಳೂ ಉಂಟು. ಅವುಗಳಲ್ಲಿ ನೂರು ಚಿಪ್ಪುಗಳಿಗೆ ಒಂದು ಕೆಲಸ ಮುಗಿಸಿ ಅಚ್ಚು ಬದಲಿಸಬೇಕು. ಒಂದೇ ಎಳೆತಕ್ಕೆ ಒಂದು ತೋಟಾ ಉದುರಿಸುವ ದೊಡ್ಡ ಯಂತ್ರಗಳೂ ಉಂಟು. ಅವುಗಳಲ್ಲಿ ನಾಲ್ಕೈದು ಚಿಪ್ಪುಗಳು ಒಮ್ಮೆಗೇ ಸುತ್ತುತ್ತಿರುತ್ತವೆ. ಶಿಷ್ಯನು ನಡುವಿನದನ್ನು ಆರಿಸಿಕೊಂಡುದೇಕೆಂದು ಕೇಳಿದೆವು. "ಇದರಲ್ಲಿ ನನ್ನ ಕಣ್ಣೆದುರು ಯಾವಾಗಲೂ ಒಂದೇ ಚಿಪ್ಪು ಇರುತ್ತದೆ ಸರ್" ಎಂದನು. ವೇದದ ಕ್ರಮಪಾಠವನ್ನು ಕೇಳಿ ಬೆಳೆದ ನಮಗೆ ಆ ಉತ್ತರ ಹಿಡಿಸಿತು. ಪದವೊಂದು ಬಿಡಬಾರದು, ಎರಡು ಸಲ ಬರಬಾರದು ಎಂಬುದಕ್ಕಲ್ಲವೇ ಹಿರಿಯರು ಆ ಕ್ರಮಗಳನ್ನು ಕಟ್ಟಿದುದು?

ಇಲ್ಲಿ ಪದ ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ಪಿಸ್ತೂಲಿನ ತೋಟಾಕ್ಕೆ ಬೇಕಾಗುವ ಮದ್ದು ಬಹು ಸ್ವಲ್ಪ. ಅದನ್ನು ಗ್ರೇನಿನಲ್ಲಿ ತೂಗುತ್ತಾರೆ. ನಮ್ಮ ಹಳೆಯ ತೊಲೆಗೆ 180 ಗ್ರೇನುಗಳು. ಹಾಗೆ ಲೆಕ್ಕ ಹಾಕಿದರೆ ಒಂದು ತೋಟಾದ ಮದ್ದು ಎರಡು ಮೂರು ಗುಲಗಂಜಿಯ ತೂಕವೆನ್ನಬಹುದು. ಅಷ್ಟು ಮದ್ದು ಚಿಪ್ಪಿನ ತಳವನ್ನು ಮಾತ್ರ ಮುಚ್ಚುವುದರಿಂದ, ಮೈಮರೆತು ಎರಡು ಸಲ ಸುರಿದರೂ ಹೊರಗೆ ಚೆಲ್ಲದೆ ಒಳಗೇ ಹಿಡಿಸಿಬಿಡಬಹುದು. ಸರಿಯಾಗಿ ತುಂಬಿದ 9 ಮಿಲಿಮೀಟರಿನ ತೋಟಾ ಸಿಡಿವಾಗಲೇ ಚದರಂಗುಲಕ್ಕೆ 35,000 ಪೌಂಡುಗಳವರೆಗಿನ ಒತ್ತಡಕ್ಕೆ ಲೆಕ್ಕ ಹಾಕಿರುತ್ತಾರೆ. ನಮ್ಮ ಬಾಲ್ಯದಲ್ಲಿ ಈ ಘಟ್ಟವನ್ನು ಏದುತ್ತ ಏರುತ್ತಿದ್ದ ಉಗಿಬಂಡಿಗಳ ಬಾಯ್ಲರಿನ ಒತ್ತಡ 200 ಪೌಂಡಿನ ಆಸುಪಾಸಿನದು. ಇಮ್ಮಡಿ ಮದ್ದು ಹತ್ತಿದರೆ ಅಂಗೈಯಲ್ಲಿಯ ಪಿಸ್ತೂಲು ಏನಾದೀತೆಂದು ಊಹಿಸಿರಿ. ಮದ್ದೇ ಬೀಳದೆ ಹೋದರೂ ಕೇಡೇ: ಕೇಪಿನ ಬಲಕ್ಕೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡು, ಅದರ ಹಿಂದೆ ಬಂದ ಎರಡನೆಯ ಗುಂಡು ನಳಿಗೆಯನ್ನು ಸೀಳೀತು.

ಅದಕ್ಕಾಗಿ ಶಿಷ್ಯನ ನೇಮಗಳು ಬಿಗಿಯಾಗಿದ್ದವು. ಫೋನನ್ನು ಒಳಮನೆಯಲ್ಲಿಟ್ಟು ಬರುವನು. ಮೇಜಿನ ಮೇಲೆ ಮದ್ದಿನ ಡಬ್ಬಿ ಒಂದೇ. ಮದ್ದಿನ ತೂಕವನ್ನು ಅಚ್ಚಾದ ಕೋಷ್ಟಕದಿಂದಲೇ ತೆಗೆದುಕೊಳ್ಳುವನು, ಅವರಿವರ ಬಾಯಿಂದಲ್ಲ. ಕಣ್ಣಿಗೆ ಕನ್ನಡಕವಿಲ್ಲದೆ ಸನ್ನೆಕೋಲು ಮುಟ್ಟುವುದಿಲ್ಲ. ಗುಂಡು ಕೂರಿಸುವ ಮುನ್ನ ಪ್ರತಿಯೊಂದು ಚಿಪ್ಪಿನೊಳಗೂ ದೀಪ ಬಿಟ್ಟು ನೋಡುವನು. ಸೀಸದ ಧೂಳಿರುವುದರಿಂದ ಕೈತೊಳೆಯದೆ ಮಗುವನ್ನು ಎತ್ತಿಕೊಳ್ಳುವುದಿಲ್ಲ. ನಾವು ನೋಡಿ ಮೆಚ್ಚಿದುದು ಯಂತ್ರವನ್ನಲ್ಲ, ಈ ನೇಮವನ್ನು.

ಇನ್ನು ಹಿರಿಯರ ಪ್ರಶ್ನೆಗೆ ಬರುವ. ಆ ಯಂತ್ರವು ಪಿಸ್ತೂಲಿನ ತೋಟಾಕ್ಕೆ ಹೊಂದುವುದೇ ಹೊರತು ಚರೆಯ ತೋಟಾಕ್ಕಲ್ಲ. ಅದಕ್ಕೆ ಬೇರೆಯ ಯಂತ್ರವೇ ಬೇಕು. ಬೇರೆಯದನ್ನು ತರಿಸೋಣವೆಂದರೆ, ನಮ್ಮ ದೇಶದ 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಕಲಮು ಮದ್ದುಗುಂಡಿನ ತಯಾರಿಕೆಗೆ ಪ್ರತ್ಯೇಕ ಪರವಾನಿಗೆಯನ್ನು ಕೇಳುತ್ತದೆ. ಕೋವಿ ಇಟ್ಟುಕೊಳ್ಳುವ ಪರವಾನಿಗೆ ಅದಕ್ಕೆ ಸಾಲದು. ಅಷ್ಟೇ ಅಲ್ಲ: 'ಮದ್ದುಗುಂಡು' ಎಂಬ ಶಬ್ದದ ಅರ್ಥದಲ್ಲಿ ಅದನ್ನು ತಯಾರಿಸುವ ಯಂತ್ರವನ್ನೂ ಕಾಯಿದೆ ಸೇರಿಸಿದೆ. ಎಂದರೆ ಒಂದು ತೋಟಾವನ್ನೂ ತುಂಬದೆ ಅಟ್ಟದ ಮೇಲಿಟ್ಟ ಯಂತ್ರವೂ ಅಪರಾಧಕ್ಕೆ ಸಾಕ್ಷಿಯಾದೀತು. 2019ರ ತಿದ್ದುಪಡಿಯಾದ ಮೇಲೆ ಪರವಾನಿಗೆಯಿಲ್ಲದ ತಯಾರಿಕೆಗೆ ಕನಿಷ್ಠ ಶಿಕ್ಷೆ 7 ವರ್ಷಗಳ ಸೆರೆ, ಜೀವಾವಧಿಯವರೆಗೂ ಹೋಗಬಹುದು. ಹೊರದೇಶದಿಂದ ತರಿಸುವುದಕ್ಕೂ ಅದೇ ಕಾಯಿದೆಯ 10ನೆಯ ಕಲಮಿನ ಪರವಾನಿಗೆ ಬೇಕು. 1961ರಲ್ಲಿ ಗೋವೆ ವಿಮೋಚನೆಯಾಗುವವರೆಗೆ ಪೋರ್ತುಗೀಜರ ಗಡಿಯ ನಿಲ್ದಾಣವಾಗಿದ್ದ ನಮ್ಮೂರಿನವರಿಗೆ ಸುಂಕದ ಕಟ್ಟೆಯಲ್ಲಿ ಪೆಟ್ಟಿಗೆ ಬಿಚ್ಚಿಸುವುದೆಂದರೇನೆಂದು ಬೇರೆ ಹೇಳಬೇಕಾಗಿಲ್ಲ.

ಕೊಡಗಿನವರಿಗೆ ವಿನಾಯಿತಿಯಿದೆಯಲ್ಲ ಎಂದು ಕೆಲವರು ಕೇಳುವರು. ಉಂಟು, ಬ್ರಿಟಿಷರ ಕಾಲದಿಂದ ಬಂದ ಆ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಮತ್ತೆ ಹತ್ತು ವರ್ಷ, 2029ರವರೆಗೆ, ಮುಂದುವರಿಸಿದೆ. ಆದರೆ ಅದು ಕೋವಿಯನ್ನು ಹೊಂದುವುದಕ್ಕೂ ಧರಿಸುವುದಕ್ಕೂ ಕೊಟ್ಟುದು. ಕೈಲ್ ಮುಹೂರ್ತದಂದು ಕೋವಿಗೆ ಹೂವಿಟ್ಟು ಪೂಜಿಸುವ ಆ ಜನರೂ ತೋಟಾವನ್ನು ಅಂಗಡಿಯಿಂದಲೇ ತರುತ್ತಾರೆ.

ಇಷ್ಟು ಕಾಯಿದೆಯ ಮಾತು. ಹಿರಿಯರಿಗೆ ಹೇಳದೆ ಉಳಿಸಿಕೊಂಡ ಮಾತು ಬೇರೆ.

ನಮ್ಮ ಸೋದರಮಾವನ ಬಳಿ ಕೇಪಿನ ಕೋವಿಯಿತ್ತು. ಬಾಯಿಂದ ಮದ್ದು ಸುರಿದು ಗಜದಿಂದ ಜಡಿಯುವ ಅಂಥ ಕೋವಿಯಲ್ಲಿ ಪ್ರತಿಯೊಂದು ಈಡೂ ಮನೆಯಲ್ಲಿ ತುಂಬಿದ್ದೇ. ಈ ಘಟ್ಟದ ಮಳೆ ವಾಚಕರಿಗೆ ಗೊತ್ತಿದ್ದುದೇ. ವರ್ಷಕ್ಕೆ 5,000 ಮಿಲಿಮೀಟರು ದಾಟಿದರೆ ಇಲ್ಲಿ ಯಾರೂ ಬೆರಗಾಗುವುದಿಲ್ಲ. ಆ ತೇವಕ್ಕೆ ಕರಿಮದ್ದು ಮೆತ್ತಗಾಗುತ್ತದೆ. ನಮಗೆ ಒಂಬತ್ತು ವರ್ಷ ತುಂಬಿದ ವರ್ಷದ ಮಳೆಗಾಲದಲ್ಲಿ ಮಾವನು ನೆಂದ ಮದ್ದನ್ನು ತಟ್ಟೆಯಲ್ಲಿ ಹರಡಿ ಒಲೆಕಟ್ಟೆಯ ಮೂಲೆಯಲ್ಲಿಟ್ಟನು. ಹಿಂದೆಯೂ ಎಷ್ಟೋ ಸಲ ಇಟ್ಟಿದ್ದನಂತೆ. ಅತ್ತೆ ಒಲೆಗೆ ಹಸಿಸೌದೆ ಒಡ್ಡಿದಳು. ಒಂದು ಕಿಡಿ ಚಟಿಲ್ಲೆಂದಿತು. ಸದ್ದು ಕೂಡ ದೊಡ್ಡದಾಗಿರಲಿಲ್ಲ. ಬಿಳಿಯ ಬೆಳಕೊಂದು ಎದ್ದು ಅಡಿಗೆಮನೆ ಹೊಗೆಯಾಯಿತು. ತಟ್ಟೆಯನ್ನು ಸರಿಸಲು ಬಗ್ಗಿದ್ದ ಮಾವನ ಬಲಗಣ್ಣು ಹೋಯಿತು. ಅತ್ತೆಯ ತೋಳಿನ ಸುಟ್ಟ ಕಲೆ ಸಾಯುವವರೆಗೂ ಉಳಿಯಿತು. ಮಾವನು ಮತ್ತೆ ಕೋವಿ ಮುಟ್ಟಲಿಲ್ಲ. ಅತ್ತೆ ಮಾತ್ರ ಕೊನೆಯವರೆಗೂ, "ಸೌದೆ ಒಡ್ಡಿದವಳು ನಾನೇ" ಎನ್ನುತ್ತಿದ್ದಳು. ತಪ್ಪು ಮಾಡದವಳು ಹೊತ್ತ ಆ ಹೊರೆಯನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಶಿಷ್ಯನ ಕೊಟ್ಟಿಗೆಯಲ್ಲಿ ಒಲೆಯಿರಲಿಲ್ಲ; ಬಾಗಿಲಿಗೆ ಬೀಗವಿತ್ತು; ಮೇಜಿಗೆ ಆ ಒಂದೇ ಕೆಲಸವಿತ್ತು. ನಮ್ಮ ಮನೆಗಳಲ್ಲಿ ಒಲೆ, ದೇವರ ದೀಪ, ಮೊಮ್ಮಕ್ಕಳು ಎಲ್ಲವೂ ಒಂದೇ ಸೂರಿನಡಿಯಲ್ಲಿ. ಆದುದರಿಂದ ಪರವಾನಿಗೆಯ ಕೋವಿಯುಳ್ಳ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟು. ಕೋವಿಗೊಂದು ಬೀಗ, ತೋಟಾಕ್ಕೆ ಬೇರೊಂದು ಬೀಗವಿರಲಿ. ತೋಟಾವನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ಒಣಗಿದ ಕಡೆ ಇಡಿರಿ. ನೆಂದ ತೋಟಾವನ್ನು ಒಲೆಯ ಬಳಿಯಾಗಲಿ ಬಿಸಿಲಿನಲ್ಲಾಗಲಿ ಒಣಗಿಸಬೇಡಿರಿ, ಬಿಚ್ಚಲೂ ಬೇಡಿರಿ. ಪರವಾನಿಗೆಯುಳ್ಳ ಅಂಗಡಿಯವರಿಗೋ ಠಾಣೆಗೋ ತಿಳಿಸಿ ಒಪ್ಪಿಸಿರಿ. ಹಂದಿಯ ಕಾಟಕ್ಕೆ ಅರಣ್ಯ ಇಲಾಖೆಯ ಬೆಳೆಹಾನಿ ಪರಿಹಾರವುಂಟು, ಸೌರಬೇಲಿಗೆ ಸಹಾಯಧನವುಂಟು. ಅವು ತಡವಾಗಿ ಬರುತ್ತವೆಂಬುದು ನಿಜ. ತಡವಾಗಿ ಬಂದ ಹಣದಿಂದ ಬೇಲಿ ಕಟ್ಟಬಹುದು. ಹೋದ ಕಣ್ಣನ್ನು ತರಲಾಗದು.

ಶಿಷ್ಯನಿಗೆ ನಾವು ಪತ್ರ ಬರೆದೆವು. ಯಂತ್ರವನ್ನು ಕೇಳಲಿಲ್ಲ, ತಂದೆಯ ಗದ್ದೆಗೆ ಸೌರಬೇಲಿಯನ್ನು ಕೇಳಿದೆವು. ಒಪ್ಪಿದ್ದಾನೆ. ಸಂಚಿಕೆ ಕೈಸೇರಿದೊಡನೆ ಹಿರಿಯರ ಮನೆಗೆ ಹೋಗಿ ಈ ಬರಹವನ್ನು ನಾವೇ ಓದಿ ಹೇಳಬೇಕೆಂದಿದ್ದೇವೆ. ಅವರ ಮನೆಯಾಕೆಯೂ ಆಗ ಒಲೆಯ ಮುಂದಿನಿಂದ ಎದ್ದು ಬಂದು ಕೇಳಲಿ.